ಕರಾಳ ಚಿತ್ರಗಳಲ್ಲಿ ಧ್ವನಿ

ಹಗಲೆಲ್ಲ ದುಡಿದು ದಣಿದವನು ಸಂಜೆ ಚಿತ್ರಮಂದಿರಕ್ಕೆ ಹೋಗುವುದು ಮನಸ್ಸನ್ನು ಹಗುರ ಮಾಡಿಕೊಳ್ಳುವುದಕ್ಕಾಗಿ. ಅಲ್ಲಿಯೂ ಕೊಲೆ, ಭಯ, ಪಾಪಗಳ ಕಥೆಯನ್ನೇ ನೋಡಬೇಕೆ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೆ. ಆದರೆ ನಮ್ಮ ಆಲಂಕಾರಿಕರು ಕರುಣ, ಭಯಾನಕ, ಬೀಭತ್ಸಗಳನ್ನೂ ರಸಗಳಲ್ಲಿಯೇ ಎಣಿಸಿದರು. ನಾವು ಮುಖ ತಿರುಗಿಸಿಕೊಳ್ಳುವ ಕಡೆಗೆ ನಿಂತು ನೋಡುವಂತೆ ಮಾಡುವುದೂ ಕಲೆಯ ಕೆಲಸವೆ. ಇಂಥ ಚಿತ್ರಗಳ ಸಂಕೇತಗಳನ್ನು ಅರಿಯುವ ಕ್ರಮ ಯಾವುದೆಂಬುದನ್ನು, ಒಂದೇ ಚಿತ್ರವನ್ನು ಎದುರಿಗಿಟ್ಟುಕೊಂಡು ವಿಚಾರಮಾಡೋಣ.

ಆ ಚಿತ್ರದ ಹೆಸರು ಒಂದೇ ಅಕ್ಷರ: 'ಎಮ್'. ಜರ್ಮನಿಯಲ್ಲಿ ಫ್ರಿಟ್ಸ್ ಲಾಂಗ್ ಎಂಬಾತನು ಇದನ್ನು 1931ರಲ್ಲಿ ಹೊರತಂದನು. ಅವನ ಮೊದಲನೆಯ ವಾಕ್ಚಿತ್ರ ಇದೇ. ನಗರವೊಂದರಲ್ಲಿ ಒಬ್ಬನು ಎಳೆಯ ಮಕ್ಕಳನ್ನು ಕೊಲ್ಲುತ್ತಿದ್ದಾನೆ. ಅವನಾರೆಂದು ಯಾರಿಗೂ ತಿಳಿಯದು.

ಮಗಳು ಶಾಲೆಯಿಂದ ಬರುವ ಹೊತ್ತಾಯಿತೆಂದು ತಾಯಿ ಮೇಜಿನ ಮೇಲೆ ತಟ್ಟೆಯನ್ನಿಟ್ಟು ಕಾದಿದ್ದಾಳೆ. ಬೀದಿಯಲ್ಲಿ ಆ ಹುಡುಗಿ, ಎಲ್ಸಿ, ಚೆಂಡನ್ನು ಪುಟಿಸುತ್ತ ಬರುತ್ತಾಳೆ. ಕೊಲೆಗಾರನ ಪತ್ತೆಗೆ ಬಹುಮಾನವನ್ನು ಸಾರುವ ಪ್ರಕಟನೆಯೊಂದಕ್ಕೆ ಚೆಂಡು ತಾಗುತ್ತದೆ. ಆ ಕಾಗದದ ಮೇಲೆಯೇ ಟೋಪಿ ಧರಿಸಿದವನೊಬ್ಬನ ನೆರಳು ಬೀಳುತ್ತದೆ. ಅವನು ಕುರುಡನೊಬ್ಬನಿಂದ ಅವಳಿಗೆ ಬಲೂನನ್ನು ಕೊಡಿಸುತ್ತಾನೆ. ಇತ್ತ ತಾಯಿ ಮಗಳ ಹೆಸರು ಹಿಡಿದು ಕೂಗುತ್ತಾಳೆ. ತೆರೆಯ ಮೇಲೆ ಬರಿಯ ಮೆಟ್ಟಿಲು, ಬಟ್ಟೆ ಒಣಹಾಕಿದ ಬರಿಯ ಅಟ್ಟ, ಬರಿಯ ತಟ್ಟೆ. ಪೊದೆಯ ಮರೆಯಿಂದ ಚೆಂಡು ಉರುಳಿಬಂದು ನಿಲ್ಲುತ್ತದೆ. ಬಲೂನು ತಂತಿಗಳಲ್ಲಿ ಸಿಕ್ಕಿ ಓಲಾಡುತ್ತದೆ.

ಕೊಲೆಯನ್ನು ತೋರಿಸಲೂ ಇಲ್ಲ, ಹೇಳಲೂ ಇಲ್ಲ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು, ಕಾವ್ಯದ ಜೀವವಿರುವುದು ವಾಚ್ಯಾರ್ಥದಲ್ಲಲ್ಲ, ಸೂಚಿತವಾಗುವ ಅರ್ಥದಲ್ಲಿ ಎಂದು ಸಾಧಿಸಿ, ಅದನ್ನು ಧ್ವನಿಯೆಂದು ಕರೆದನು. ಇಲ್ಲಿ ನಡೆದಿರುವುದೂ ಅದೇ. ಚೆಂಡು ಮೃತ್ಯುವಿನ ಸಂಕೇತವೆಂದು ಹೇಳಿ ಮುಗಿಸಿದರೆ ಅರ್ಧ ಸತ್ಯವಾಗುತ್ತದೆ. ಚೆಂಡು ಚೆಂಡೇ. ಅದನ್ನು ಆಡಿಸುತ್ತಿದ್ದ ಕೈಯನ್ನು ನಾವು ಆಗ ಕಂಡಿದ್ದೆವು. ಈಗ ಚೆಂಡಿದೆ, ಕೈಯಿಲ್ಲ. ಈ ತೆರವಿನಲ್ಲಿ ಅರ್ಥ ಹುಟ್ಟುತ್ತದೆ. ಸಂಕೇತವೆಂಬುದು ವಸ್ತುವಿಗೆ ಅಂಟಿಸಿದ ಚೀಟಿಯಲ್ಲ. ಕಥೆಯಲ್ಲಿ ಆ ವಸ್ತುವಿಗೆ ದೊರೆತ ಸ್ಥಾನದಿಂದ ಬಂದ ಶಕ್ತಿ.

ರೇಡಿಯೋ ಕೇಳುವವರಿಗೆ ವಿಶೇಷವಾಗಿ ರುಚಿಸತಕ್ಕ ಅಂಶವೊಂದುಂಟು. ಈ ಚಿತ್ರಕ್ಕೆ ಹಿನ್ನೆಲೆಯ ವಾದ್ಯಸಂಗೀತವಿಲ್ಲ. ಕೊಲೆಗಾರನು ತನಗೆ ತಾನೇ ಸಿಳ್ಳು ಹಾಕಿಕೊಳ್ಳುವ ಒಂದು ಮಟ್ಟು ಮಾತ್ರ ಮತ್ತೆ ಮತ್ತೆ ಕೇಳಿಬರುತ್ತದೆ. ಇಬ್ಸನ್ನನ 'ಪೇರ್ ಗಿಂಟ್' ನಾಟಕಕ್ಕೆ ನಾರ್ವೆಯ ಗ್ರೀಗ್ ರಚಿಸಿದ ಸಂಗೀತದ ತುಣುಕು ಅದು. ಕಣ್ಣುಳ್ಳವರಿಗೆ ಸಿಕ್ಕದವನನ್ನು ಬಲೂನು ಮಾರಿದ ಕುರುಡನು ಆ ಸಿಳ್ಳಿನಿಂದ ಪತ್ತೆಮಾಡುತ್ತಾನೆ. ಕೂಡಲೆ ಮತ್ತೊಬ್ಬನು ತನ್ನ ಅಂಗೈಯಲ್ಲಿ ಸೀಮೆಸುಣ್ಣದಿಂದ 'ಎಮ್' ಎಂದು ಬರೆದು, ಅದನ್ನು ಆ ಮನುಷ್ಯನ ಭುಜಕ್ಕೆ ತಟ್ಟುತ್ತಾನೆ. ಜರ್ಮನ್ ಭಾಷೆಯಲ್ಲಿ ಕೊಲೆಗಾರನೆಂಬ ಶಬ್ದದ ಮೊದಲ ಅಕ್ಷರ ಅದು. ತನ್ನ ಬೆನ್ನಿನ ಗುರುತನ್ನು ಅವನು ಕನ್ನಡಿಯಲ್ಲಿ ಕಂಡು ಬೆಚ್ಚುತ್ತಾನೆ.

ಅವನನ್ನು ಬೇಟೆಯಾಡುವವರು ಯಾರು? ನಗರದ ಕಳ್ಳರು. ಪೋಲೀಸರ ಶೋಧನೆಯಿಂದ ಅವರ ಕಸುಬು ಕೆಟ್ಟಿದೆ. ಅಧಿಕಾರಿಗಳ ಸಭೆಯನ್ನೂ ಕಳ್ಳರ ಸಭೆಯನ್ನೂ ಲಾಂಗ್ ಹೆಣೆದು ತೋರಿಸುತ್ತಾನೆ. ಇಲ್ಲಿ ಎತ್ತಿದ ಕೈ ಅಲ್ಲಿ ಇಳಿಯುತ್ತದೆ. ಕೊನೆಗೆ ಪಾಳುಬಿದ್ದ ಸಾರಾಯಿಯ ಭಟ್ಟಿಯೊಂದರಲ್ಲಿ ಕಳ್ಳರೇ ನ್ಯಾಯಾಧೀಶರಾಗುತ್ತಾರೆ. ಪೀಟರ್ ಲೋರೆ ಎಂಬ ನಟನು ಅಲ್ಲಿ ಮೊಣಕಾಲೂರಿ, ತನ್ನೊಳಗಿನಿಂದಲೇ ತನ್ನನ್ನು ಅಟ್ಟುವುದರಿಂದ ತಪ್ಪಿಸಿಕೊಳ್ಳಲಾರೆನೆಂದು ಚೀರುತ್ತಾನೆ. ನಾವು ಅವನನ್ನು ಕ್ಷಮಿಸಲಾರೆವು. ಕೊಲ್ಲಿರೆಂದು ಅಬ್ಬರಿಸುವ ಗುಂಪಿನಲ್ಲಿ ಸೇರಲೂ ಆರೆವು. ಪೋಲೀಸರು ಬಂದು ಅವನನ್ನು ನ್ಯಾಯಾಲಯಕ್ಕೆ ಒಯ್ಯುತ್ತಾರೆ. ತೀರ್ಪು ನಮಗೆ ಕೇಳಿಸದು. ಕೇಳಿಸುವುದು ತಾಯಿಯ ಮಾತು: ಇದರಿಂದ ಮಕ್ಕಳು ಮರಳಿ ಬಾರರು.

ಚಿತ್ರದ ಕಥೆ ಇಲ್ಲಿಗೆ ಮುಗಿದರೂ ಅದರ ಪಾಡು ಮುಗಿಯಲಿಲ್ಲ. 1933ರಲ್ಲಿ ನಾಟ್ಸಿಗಳು ಅಧಿಕಾರಕ್ಕೆ ಬಂದರು. ಲಾಂಗನೂ ಯೆಹೂದ್ಯನಾದ ಲೋರೆಯೂ ದೇಶವನ್ನು ಬಿಟ್ಟರು. 1934ರಲ್ಲಿ ಚಿತ್ರಕ್ಕೆ ನಿಷೇಧವಾಯಿತು. 1940ರಲ್ಲಿ ಯೆಹೂದ್ಯರ ಮೇಲೆ ದ್ವೇಷವನ್ನು ಕೆರಳಿಸುವುದಕ್ಕಾಗಿ ನಾಟ್ಸಿಗಳು ತಯಾರಿಸಿದ ಚಿತ್ರವೊಂದರಲ್ಲಿ, ಲೋರೆಯ ಆ ಚೀರಾಟವನ್ನೇ ಕತ್ತರಿಸಿ ಸೇರಿಸಿದರು. ನಟನ ಮಾತು ಒಂದು ಜನಾಂಗದ ತಪ್ಪೊಪ್ಪಿಗೆಯಾಗಿ ಹೋಯಿತು! 1941ರಲ್ಲಿ ಜರ್ಮನಿಯ ಯೆಹೂದ್ಯರು ಹಳದಿಯ ನಕ್ಷತ್ರವನ್ನು ಉಡುಪಿಗೆ ಹೊಲಿದುಕೊಳ್ಳಬೇಕೆಂದು ಆಜ್ಞೆಯಾಯಿತು. ಲಾಂಗ್ ಇದನ್ನು ಮುಂಗಂಡನೆನ್ನುವುದು ಅತಿಶಯೋಕ್ತಿಯಾದೀತು. ಆದರೂ ಈ ಚರಿತ್ರೆಯನ್ನು ಬಲ್ಲವನು ಭುಜದ ಮೇಲಿನ ಆ ಸುಣ್ಣದ ಅಕ್ಷರವನ್ನು ಹಗುರವಾಗಿ ನೋಡಲಾರನು.

ಸಂದರ್ಭದಿಂದ ಕಿತ್ತ ಸಂಕೇತ ಸುಳ್ಳಾಡುತ್ತದೆ. ಆದುದರಿಂದ ಇಂಥ ಚಿತ್ರವನ್ನು ನೋಡಿ ಬಂದಾಗ, ಇದರ ಅರ್ಥ ಇಷ್ಟೇ ಎಂದು ಗುರುತು ಹಚ್ಚುವ ಆತುರ ಬೇಡ. ಆ ವಸ್ತು ಮೊದಲು ಎಲ್ಲಿ ಬಂದಿತು, ಯಾರ ಕೈಯಲ್ಲಿತ್ತು, ಮತ್ತೆ ಬಂದಾಗ ಏನು ಇಲ್ಲವಾಗಿತ್ತು ಎಂದು ಕೇಳಿಕೊಳ್ಳೋಣ. ಚಿತ್ರಗಳ ವಿಷಯದಲ್ಲಿ ಈ ತಾಳ್ಮೆಯನ್ನು ಕಲಿತವನು, ಮನುಷ್ಯರ ಬೆನ್ನಿಗೆ ಅಕ್ಷರವನ್ನು ಒತ್ತುವ ಮುನ್ನ ಒಂದು ಗಳಿಗೆಯಾದರೂ ಕೈತಡೆದಾನು.