ಖಿನ್ನತೆಗೊಂದು ಮನೆಪಾಠ

ನಮ್ಮ ಶಾಲೆಯಲ್ಲಿ ಬಹುಕಾಲ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದ ಹಿರಿಯ ಸ್ನೇಹಿತರೊಬ್ಬರು ನೆರೆಯ ಬೀದಿಯಲ್ಲಿದ್ದಾರೆ. ನಾಲ್ಕು ವರ್ಷಗಳ ಹಿಂದೆ ಅವರ ಬಲಗೈ ನಡುಗತೊಡಗಿತು. ವೈದ್ಯರು ಪರೀಕ್ಷಿಸಿ ಪಾರ್ಕಿನ್ಸನ್ ರೋಗವೆಂದರು. ನಮ್ಮವರು ಕಂಪವಾತವೆನ್ನುವುದು ಇದನ್ನೇ. ಮಾತ್ರೆಗಳಿಂದ ನಡುಕ ತಕ್ಕಮಟ್ಟಿಗೆ ಹತೋಟಿಗೆ ಬಂದಿತು, ನಡಿಗೆಯೂ ಸುಧಾರಿಸಿತು. ಆದರೆ ಅವರು ಜಗಲಿಗೆ ಬರುವುದನ್ನು ಬಿಟ್ಟರು. ಸಂಜೆಯ ಹರಟೆ ನಿಂತಿತು. ಪ್ರೀತಿಯಿಂದ ಕೇಳುತ್ತಿದ್ದ ರೇಡಿಯೋ ಸಂಗೀತವೂ ಬೇಡವಾಯಿತು. ಒಮ್ಮೆ ಅವರ ಮನೆಯಾಕೆಯನ್ನು ವಿಚಾರಿಸಿದೆ. “ಇಂಥ ಕಾಯಿಲೆ ಬಂದವರಿಗೆ ಬೇಜಾರಾಗದೆ ಇನ್ನೇನು ಆಗುತ್ತೆ, ಪಂಡಿತರೇ?” ಎಂದರು. ನಾನೂ ಹೌದೆಂದು ತಲೆಯಾಡಿಸಿ ಬಂದೆ.

ಹಾಗೆ ತಲೆಯಾಡಿಸಿದ್ದು ತಪ್ಪೆಂದು ತಿಳಿಯಲು ಒಂದು ವರ್ಷ ಬೇಕಾಯಿತು. ಇತರರ ಮನೆಗಳಲ್ಲಿ ಅಂಥ ವರ್ಷವೊಂದು ವ್ಯರ್ಥವಾಗದಿರಲೆಂದು ಈ ನಾಲ್ಕು ಮಾತು.

ಖೇದ, ಖಿನ್ನ ಎಂಬ ಎರಡು ಪದಗಳೂ ಒಂದೇ ಧಾತುವಿನಿಂದ ಹುಟ್ಟಿದವು. ಆದರೆ ಇಂದಿನ ವೈದ್ಯರು ಖಿನ್ನತೆ ಎಂದಾಗ ಬರಿಯ ಖೇದವನ್ನು ಹೇಳುತ್ತಿಲ್ಲ. ಖೇದಕ್ಕೆ ಕಾರಣವುಂಟು, ನಾಲ್ಕು ಜನರ ಮಾತಿನಿಂದ, ಒಂದು ಒಳ್ಳೆಯ ಸುದ್ದಿಯಿಂದ ಅದು ಹಗುರವಾಗುತ್ತದೆ. ಖಿನ್ನತೆ ಹಾಗಲ್ಲ. ಎರಡು ವಾರಗಳಿಗೂ ಮೀರಿ ದಿನದ ಬಹುಪಾಲು ಮನಸ್ಸು ಕುಗ್ಗಿಯೇ ಇರುವುದು, ಯಾವುದರಲ್ಲಿಯೂ ರುಚಿ ಇಲ್ಲದಿರುವುದು, ನಿದ್ರೆ ಹಸಿವುಗಳು ಕೆಡುವುದು, ತಾನು ಯಾರಿಗೂ ಬೇಡದವನೆಂಬ ಭಾವನೆ, ಕೆಲವರಲ್ಲಿ ಬದುಕೇ ಬೇಡವೆಂಬ ಯೋಚನೆ—ಇವು ಅದರ ಲಕ್ಷಣಗಳು. ಇದು ಸ್ವಭಾವದ ದೌರ್ಬಲ್ಯವಲ್ಲ, ರೋಗ, ಚಿಕಿತ್ಸೆಯುಳ್ಳ ರೋಗ.

ದೀರ್ಘಕಾಲದ ನರರೋಗಗಳಿಗೂ ಇದಕ್ಕೂ ಹತ್ತಿರದ ನಂಟು. ಪಾರ್ಶ್ವವಾಯು ತಗುಲಿದವರಲ್ಲಿ ಸುಮಾರು ಮೂವರಿಗೊಬ್ಬರು ಖಿನ್ನತೆಗೆ ಒಳಗಾಗುತ್ತಾರೆ. ಮೂರ್ಛೆರೋಗದಲ್ಲಿಯೂ, ನರತಂತುಗಳ ಮೇಲಿನ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೀರೋಸಿಸ್ ರೋಗದಲ್ಲಿಯೂ ಇದು ಸಾಮಾನ್ಯರಲ್ಲಿರುವುದಕ್ಕಿಂತ ಹೆಚ್ಚು. ಕಾರಣಗಳು ಎರಡು ಬಗೆ. ಮೊದಲನೆಯದು ಮಿದುಳಿನೊಳಗಿನದು. ಚಲನೆಯನ್ನು ಕೆಡಿಸುವ ಬದಲಾವಣೆಗಳೇ ಉತ್ಸಾಹವನ್ನೂ ಕುಗ್ಗಿಸಬಲ್ಲವು. ಪಾರ್ಕಿನ್ಸನ್ ರೋಗದಲ್ಲಿ ಕೆಲವೊಮ್ಮೆ ನಡುಕಕ್ಕಿಂತ ವರ್ಷಗಳ ಮುಂಚೆಯೇ ಖಿನ್ನತೆ ಕಾಣಿಸಿಕೊಳ್ಳುವುದುಂಟು. ಎರಡನೆಯದು ಬದುಕಿನದು. ಮೂರ್ಛೆ ಬರುವ ಹುಡುಗನಿಗೆ ವಾಹನದ ಪರವಾನಗಿ ಕೈತಪ್ಪುತ್ತದೆ. ಮದುವೆಯ ಮಾತು ಮುರಿಯುತ್ತದೆ. ಬಿದ್ದೇನೆಂಬ ಭಯದಿಂದ ವೃದ್ಧರು ಹೊಸ್ತಿಲು ದಾಟುವುದಿಲ್ಲ. ಹೊರಗೆ ಹೋಗದವನಿಗೆ ಸಂತೋಷದ ಸಂದರ್ಭಗಳು ಕಡಿಮೆಯಾಗುತ್ತವೆ. ಅದರಿಂದ ಹೋಗುವ ಮನಸ್ಸು ಇನ್ನೂ ಕುಂದುತ್ತದೆ. ಹೀಗೆ ಗಾಣದೆತ್ತಿನ ಸುತ್ತಾಟ.

ಗುರುತಿಸುವುದೂ ಸುಲಭವಲ್ಲ. ಪಾರ್ಕಿನ್ಸನ್ ರೋಗಿಯ ಮುಖದಲ್ಲಿ ಭಾವಗಳು ಮೂಡುವುದೇ ಕಡಿಮೆಯಾದ್ದರಿಂದ, ದುಃಖವಿಲ್ಲದವನು ದುಃಖಿಯಂತೆ ಕಾಣಬಹುದು. ದುಃಖವಿದ್ದವನ ದುಃಖವನ್ನು ‘ರೋಗದ ಮುಖ’ವೆಂದು ತಳ್ಳಿಹಾಕಲೂ ಬಹುದು. ಆಯಾಸ, ನಿದ್ರಾಭಂಗ, ಮರೆವು ಇವೆಲ್ಲ ಎರಡು ರೋಗಗಳಿಗೂ ಸಮಾನ. ಹೀಗಾಗಿ ಎಲ್ಲವನ್ನೂ ಹಳೆಯ ಕಾಯಿಲೆಯ ಲೆಕ್ಕಕ್ಕೇ ಬರೆಯುತ್ತೇವೆ.

ಗುರುತಿಸಿದ ಮೇಲೂ ಚಿಕಿತ್ಸೆಯ ದಾರಿ ಹತ್ತಿರವೇನಲ್ಲ. ಮಾತಿನ ಮೂಲಕ ಚಿಕಿತ್ಸೆ ನೀಡುವ ತಜ್ಞರು ಸಣ್ಣ ಊರುಗಳಲ್ಲಿ ಅಪರೂಪ. ನಡೆಯಲಾಗದವರನ್ನು ವಾರವಾರವೂ ಬಸ್ಸಿನಲ್ಲಿ ಕರೆದೊಯ್ಯಲು ಮನೆಯವರೊಬ್ಬರು ಕೆಲಸ ಬಿಡಬೇಕು. ಮೇಲಾಗಿ, ‘ಹುಚ್ಚಿನ ಡಾಕ್ಟರ’ ಬಾಗಿಲಲ್ಲಿ ಯಾರಾದರೂ ಕಂಡಾರೆಂಬ ಸಂಕೋಚ ಬೇರೆ. ಅಂತರ್ಜಾಲದ ಮೂಲಕ ಮನೆಯಲ್ಲಿಯೇ ಕಲಿಯುವ ಪಾಠಗಳು ಉಪಯೋಗಕ್ಕೆ ಬರುವುದು ಇಲ್ಲಿಯೇ.

ಈ ಪಾಠಗಳ ಮೂಲದಲ್ಲಿರುವವರು ಅಮೆರಿಕದ ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ (1921–2021). ಖಿನ್ನರ ಮನಸ್ಸಿನಲ್ಲಿ ಕೆಲವು ಯೋಚನೆಗಳು ಕರೆಯದೆಯೇ ಬಂದು ಕೂರುತ್ತವೆ, ಅವುಗಳನ್ನು ಅವರು ಪರೀಕ್ಷಿಸದೆ ನಂಬುತ್ತಾರೆ ಎಂಬುದನ್ನು ಅವರು 1960ರ ದಶಕದಲ್ಲಿ ಗಮನಿಸಿದರು. ಯೋಚನೆಯನ್ನು ಹಿಡಿದು ನಿಲ್ಲಿಸಿ, ಸತ್ಯಾಸತ್ಯವನ್ನು ವಿಚಾರಿಸುವ ಅಭ್ಯಾಸವನ್ನು ರೋಗಿಗೇ ಕಲಿಸುವುದು ಅವರ ಚಿಕಿತ್ಸೆಯ ತಿರುಳು. ಪಠ್ಯಕ್ರಮದಂತೆ ಹಂತಹಂತವಾಗಿ ಸಾಗುವುದರಿಂದ ಇದನ್ನು ಪಾಠಗಳಾಗಿ ವಿಂಗಡಿಸುವುದು ಸಾಧ್ಯವಾಯಿತು. ಆಸ್ಟ್ರೇಲಿಯದ ರಾಷ್ಟ್ರೀಯ ವಿಶ್ವವಿದ್ಯಾಲಯ 2001ರಲ್ಲಿ ‘ಮೂಡ್‌ಜಿಮ್’ ಎಂಬ ಇಂಥ ಪಾಠಮಾಲೆಯನ್ನು ಅಂತರ್ಜಾಲದಲ್ಲಿ ಜನರ ಮುಂದಿಟ್ಟಿತು.

ಪಾಠದ ರೀತಿ ಹೀಗೆ. ಮೊದಲು ಒಂದು ವಾರದ ದಿನಚರಿ: ಯಾವ ಹೊತ್ತಿನಲ್ಲಿ ಏನು ಮಾಡಿದೆ, ಆಗ ಮನಸ್ಸು ಹೇಗಿತ್ತು. ಅನಂತರ ಬಿಟ್ಟುಹೋದ ಕೆಲಸಗಳಲ್ಲಿ ಅತಿ ಚಿಕ್ಕದೊಂದನ್ನು ಆರಿಸಿ, ಹೊತ್ತು ಗೊತ್ತುಮಾಡಿ, ಮನಸ್ಸಿದ್ದರೂ ಇಲ್ಲದಿದ್ದರೂ ಮಾಡುವುದು. ಉತ್ಸಾಹ ಬಂದ ಮೇಲೆ ಕೆಲಸವೆಂದು ನಾವು ತಿಳಿದಿರುತ್ತೇವೆ. ಇಲ್ಲಿ ಕೆಲಸ ಮುಂದೆ, ಉತ್ಸಾಹ ಹಿಂದೆ. ಮೂರನೆಯದು ಯೋಚನೆಯ ಪರೀಕ್ಷೆ. ನಮ್ಮ ಮೇಷ್ಟ್ರ ಯೋಚನೆ, “ಕೈ ನಡುಗುವ ಚಿತ್ರಗಾರ ಯಾತಕ್ಕೂ ಪ್ರಯೋಜನವಿಲ್ಲ” ಎಂದಿತ್ತು. ಅದನ್ನು ಹಾಳೆಯ ಎಡಕ್ಕೆ ಬರೆಯಬೇಕು. ಬಲಕ್ಕೆ: ನಡುಗುವುದು ಯಾವಾಗ? ಮಾತ್ರೆ ತೆಗೆದುಕೊಂಡ ಮೇಲೆ ಎಷ್ಟು ಹೊತ್ತು ಕೈ ಸುಧಾರಿಸಿರುತ್ತದೆ? ಕಲಿಸುವುದಕ್ಕೆ ಕೈ ಒಂದೇ ಸಾಕೇ, ಕಣ್ಣೂ ಮಾತೂ ಬೇಡವೇ? ಇದು ತನ್ನನ್ನು ತಾನೇ ಸುಳ್ಳು ಹೇಳಿ ಸಮಾಧಾನಪಡಿಸಿಕೊಳ್ಳುವುದಲ್ಲ. ರೋಗ ನಿಜ, ಅದರ ಮೇಲೆ ಮನಸ್ಸು ಸೇರಿಸಿದ ಬಡ್ಡಿಯ ಲೆಕ್ಕವನ್ನು ತಾಳೆನೋಡುವುದು.

ಇದರಿಂದ ಫಲವುಂಟೇ? ಅಮೆರಿಕದ ಅಟ್ಲಾಂಟಾದಲ್ಲಿರುವ ಎಮರಿ ವಿಶ್ವವಿದ್ಯಾಲಯದವರು ಮೂರ್ಛೆರೋಗಿಗಳಿಗೆಂದೇ ಎಂಟು ವಾರಗಳ ಪಾಠವನ್ನು ರೂಪಿಸಿ, ಕೆಲವು ಗುಂಪುಗಳಿಗೆ ಅಂತರ್ಜಾಲದಲ್ಲಿಯೂ ಕೆಲವಕ್ಕೆ ದೂರವಾಣಿಯಲ್ಲಿಯೂ ಕಲಿಸಿದರು. ಪಾಠ ಕಲಿತವರ ಖಿನ್ನತೆ ಇತರರಿಗಿಂತ ಹೆಚ್ಚು ಇಳಿಯಿತೆಂದು 2010ರಲ್ಲಿ ಪ್ರಕಟಿಸಿದರು. ಜರ್ಮನಿಯ ಹ್ಯಾಂಬರ್ಗಿನ ವೈದ್ಯರು ಮಲ್ಟಿಪಲ್ ಸ್ಕ್ಲೀರೋಸಿಸ್ ಇದ್ದ 90 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಒಂಬತ್ತು ವಾರ ಕಂಪ್ಯೂಟರ್ ಪಾಠ ಕೊಟ್ಟು, ಉಳಿದವರನ್ನು ಕಾಯಿಸಿ, ಹೋಲಿಸಿ ನೋಡಿದರು. 2015ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿಯೂ ಪಾಠ ಕಲಿತವರೇ ಚೇತರಿಸಿಕೊಂಡಿದ್ದರು.

ಆದರೆ ಎಲ್ಲೆಗಳನ್ನೂ ಹೇಳಬೇಕು. ಒಬ್ಬರೇ ಕೂತು ಕಲಿಯುವವರಲ್ಲಿ ಹಲವರು ನಡುವೆಯೇ ಬಿಡುತ್ತಾರೆ. ವಾರಕ್ಕೊಮ್ಮೆ ‘ಎಲ್ಲಿಗೆ ಬಂತು?’ ಎಂದು ಕೇಳುವವರಿದ್ದರೆ ಮುಂದುವರಿಯುವುದು ಸುಲಭ. ನರರೋಗಿಗೆ ಪಾಠ ಚಿಕ್ಕದಿರಬೇಕು, ಅಕ್ಷರ ದೊಡ್ಡದಿರಬೇಕು, ಆಯಾಸವಾದಾಗ ನಿಲ್ಲಿಸುವಂತಿರಬೇಕು. ಇದು ವೈದ್ಯರಿಗೆ ಬದಲಿಯಲ್ಲ. ಮೂರ್ಛೆಗೆ ಕೊಡುವ ಕೆಲವು ಔಷಧಗಳೇ ಮನಸ್ಸನ್ನು ಕದಡುವುದುಂಟು. ಅದನ್ನು ವೈದ್ಯರಿಗೆ ತಿಳಿಸಬೇಕೇ ಹೊರತು ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಸಾಯುವ ಮಾತು ಬಾಯಲ್ಲಿ ಬಂದರಂತೂ ಪಾಠಕ್ಕಾಗಿ ಕಾಯದೆ, ರೋಗಿಯನ್ನು ಒಂಟಿಯಾಗಿ ಬಿಡದೆ, ಆಗಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಇಂಥ ಪಾಠಗಳಲ್ಲಿ ಬಹಳಷ್ಟು ಇಂಗ್ಲಿಷ್ ಮುಂತಾದ ಭಾಷೆಗಳಲ್ಲಿವೆ. ಕನ್ನಡದಲ್ಲಿಯೇ ಮಾತಾಡಬೇಕೆನ್ನುವವರಿಗೆ 14416 ಎಂಬ ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರಿನಿಂದ ಹಗಲಿರುಳೂ ಖರ್ಚಿಲ್ಲದೆ ಲಭ್ಯವಿದೆ. ಅದರ ಕೇಂದ್ರಸ್ಥಾನ ಬೆಂಗಳೂರಿನ ನಿಮ್ಹಾನ್ಸ್. ನರಗಳ ವೈದ್ಯರೂ ಮನಸ್ಸಿನ ವೈದ್ಯರೂ ಒಂದೇ ಆವರಣದಲ್ಲಿರುವ ಆ ಸಂಸ್ಥೆ ಈಗಿನ ರೂಪಕ್ಕೆ ಬಂದದ್ದು 1974ರಲ್ಲಿ.

ನಮ್ಮ ಮೇಷ್ಟ್ರ ಖಿನ್ನತೆಯನ್ನು ಕೊನೆಗೆ ಗುರುತಿಸಿದವರು ಅವರ ನರರೋಗ ತಜ್ಞರೇ. ಔಷಧದೊಂದಿಗೆ ಪಾಠವನ್ನೂ ಸೂಚಿಸಿದರು. ಮೊಮ್ಮಗಳು ಮೊಬೈಲಿನಲ್ಲಿ ಓದಿ ಕನ್ನಡದಲ್ಲಿ ಹೇಳಿದಳು; ಭಾನುವಾರಗಳಲ್ಲಿ ‘ಎಲ್ಲಿಗೆ ಬಂತು?’ ಎಂದು ಕೇಳುವ ಕೆಲಸ ನನ್ನದಾಯಿತು. ಅವರು ಆರಿಸಿಕೊಂಡ ಅತಿ ಚಿಕ್ಕ ಕೆಲಸ, ಬೆಳಗಿನ ಮಾತ್ರೆಯ ಬಳಿಕ ಜಗಲಿಯಲ್ಲಿ ಹತ್ತು ನಿಮಿಷ ಕೂರುವುದು. ಎರಡು ವಾರ ಸುಮ್ಮನೆ ಕೂತರು. ಮೂರನೆಯ ವಾರ ಎದುರುಮನೆಯ ಹುಡುಗನೊಬ್ಬ ಹಸುವಿನ ಚಿತ್ರ ತಂದು ತೋರಿಸಿದಾಗ, “ಕೊಂಬು ಸರಿಯಿಲ್ಲ ಕಣೋ, ಇಲ್ಲಿ ಕೊಡು” ಎಂದರು.

ಕೈ ಈಗಲೂ ನಡುಗುತ್ತದೆ. ಕೊಂಬು ಕೊಂಚ ಸೊಟ್ಟಗೇ ಬಂತು. ಇಬ್ಬರೂ ನಕ್ಕರು. ‘ಇಂಥ ಕಾಯಿಲೆಯವರಿಗೆ ಬೇಜಾರಾಗದೆ ಇನ್ನೇನು?’ ಎಂದು ಯಾರಾದರೂ ಹೇಳಿದರೆ ತಲೆಯಾಡಿಸಿ ಬರಬೇಡಿ. ‘ಆ ಬೇಜಾರನ್ನು ಡಾಕ್ಟರಿಗೆ ಹೇಳಿದಿರಾ?’ ಎಂದು ಕೇಳಿ.