ಹಂಚುವ ಮೊದಲು ಕೇಳಬೇಕಾದ ಪ್ರಶ್ನೆ: ಇದು ಯಾರದ್ದು?

ಮನೆಯ ಹಿರಿಯರು ತೀರಿಕೊಂಡರೆ ಮೊದಲ ಕೆಲವು ದಿನ ಮನೆ ತುಂಬ ಜನ. ಯಾಸೀನ್, ತಹ್‌ಲೀಲ್, ದುಆ ಅಂತ ದಿನ ಹೋದದ್ದೇ ಗೊತ್ತಾಗುವುದಿಲ್ಲ. ಬಂದವರೆಲ್ಲ ಹೊರಟ ಮೇಲೆ ಎರಡು ಕೆಲಸ ಉಳಿಯುತ್ತವೆ. ಒಂದು ಕಚೇರಿಗಳ ಅಲೆದಾಟ, ಇನ್ನೊಂದು ಪೆಟ್ಟಿಗೆ ಬಿಡಿಸುವುದು. ಮೊದಲನೆಯದನ್ನು ಗಂಡು ಮಕ್ಕಳು ಹೇಗೋ ಮುಗಿಸುತ್ತಾರೆ. ಎರಡನೆಯದನ್ನು ‘ಹಳೆ ಸಾಮಾನು ತಾನೇ’ ಅಂತ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಎರಡರಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಇದು ಯಾರದ್ದು?

ನಮ್ಮ ಉಪ್ಪ ಮರಣ ಹೊಂದಿ ಎರಡು ವಾರವಾದ ಮೇಲೆ ನಾವು ಐದು ಮಕ್ಕಳು, ಇಬ್ಬರು ಗಂಡು ಮೂವರು ಹೆಣ್ಣು, ಈ ಎರಡೂ ಕೆಲಸಗಳನ್ನು ಒಂದೇ ವಾರದಲ್ಲಿ ಮಾಡಿದೆವು. ಓದುಗರಿಗೆ ಉಪಯೋಗವಾದೀತು ಎಂದು ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕಾಗದದ ಕೆಲಸ

ಬೆಳಿಗ್ಗೆ ಮದ್ರಸ ಬಿಟ್ಟ ಮೇಲೆ ದಿನಕ್ಕೊಂದು ಕಚೇರಿ ಅಂತ ಇಟ್ಟುಕೊಂಡೆವು. ಸೋಮವಾರ ಮರಣ ನೋಂದಣಿ. ಆಸ್ಪತ್ರೆಯಲ್ಲಿ ತೀರಿಕೊಂಡರೆ ಆಸ್ಪತ್ರೆಯವರೇ ಮಾಹಿತಿ ಕಳಿಸುತ್ತಾರೆ. ಮನೆಯಲ್ಲಾದರೆ ಮನೆಯವರೇ ತಿಳಿಸಬೇಕು. 21 ದಿನದೊಳಗೆ ನೋಂದಾಯಿಸಿದರೆ ಶುಲ್ಕ ಇಲ್ಲ, ತಡವಾದಷ್ಟೂ ಓಡಾಟ ಹೆಚ್ಚು. ಪ್ರಮಾಣಪತ್ರದ ಪ್ರತಿ ನಾಲ್ಕೈದು ತೆಗೆದಿಡುವುದು ಒಳ್ಳೆಯದು. ಬ್ಯಾಂಕ್, ಗ್ಯಾಸ್, ರೇಷನ್ ಕಾರ್ಡ್, ಜಾಗದ ಖಾತೆ, ಎಲ್ಲ ಕಡೆಯೂ ಅದನ್ನೇ ಕೇಳುತ್ತಾರೆ.

ಮಂಗಳವಾರ ವಂಶವೃಕ್ಷಕ್ಕೆ ಅರ್ಜಿ. ಅರ್ಜಿ ಬರೆದುಕೊಡುವವರೊಬ್ಬರು, ‘ಮದುವೆಯಾಗಿ ಹೋದ ಹೆಣ್ಮಕ್ಕಳ ಹೆಸರು ಯಾಕೆ ಉಸ್ತಾದ್? ಆಮೇಲೆ ಅವರ ಸಹಿಗೆ ಅಲೆಯಬೇಕಾಗ್ತದೆ’ ಅಂದರು. ಅವರು ಹೇಳಿದ್ದು ಉಪಕಾರ ಮಾಡುವ ಮನಸ್ಸಿನಿಂದಲೇ. ಆದರೆ ಹೆಸರು ಬಿಟ್ಟರೆ ಹಕ್ಕೇ ಬಿಟ್ಟ ಹಾಗೆ. ಕುರ್‌ಆನಿನಲ್ಲಿ ಅಲ್ಲಾಹನು ಪಾಲನ್ನು ಲೆಕ್ಕ ಹಾಕಿ ಹೇಳಿದ ಮೇಲೆ ಅದನ್ನು ಕಾಗದದಲ್ಲಿ ಅಳಿಸಲು ನಾವು ಯಾರು? ಐದು ಹೆಸರನ್ನೂ, ಉಮ್ಮನ ಹೆಸರನ್ನೂ ಬರೆಸಿದೆವು.

ಬುಧವಾರ ಬ್ಯಾಂಕ್. ಖಾತೆಗೆ ಉಮ್ಮ ನಾಮಿನಿ. ನಾಮಿನಿ ಎಂದರೆ ಮಾಲಕ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅದು ಸರಿಯಲ್ಲ. ನಾಮಿನಿ ಹಣವನ್ನು ಪಡೆದುಕೊಳ್ಳುವವರು ಮಾತ್ರ, ಹಣ ವಾರೀಸುದಾರರೆಲ್ಲರದ್ದು. ದೇಶದ ಕಾನೂನೂ ಹಾಗೆಯೇ ಹೇಳುತ್ತದೆ, ಶರೀಅತ್ ಕೂಡ. ಗಂಡ ತೀರಿಕೊಂಡು ಮಕ್ಕಳಿದ್ದರೆ ಹೆಂಡತಿಗೆ ಎಂಟನೇ ಒಂದು ಪಾಲು. ಉಳಿದದ್ದರಲ್ಲಿ ಒಬ್ಬ ಗಂಡು ಮಗನಿಗೆ ಇಬ್ಬರು ಹೆಣ್ಣು ಮಕ್ಕಳಷ್ಟು. ನಮ್ಮ ಮನೆಯಲ್ಲಿ ಲೆಕ್ಕ ಸುಲಭವಾಯ್ತು: ಒಟ್ಟು ಎಂಟು ಪಾಲು, ಅದರಲ್ಲಿ ಉಮ್ಮನಿಗೆ ಒಂದು, ಮೂವರು ಹೆಣ್ಮಕ್ಕಳಿಗೆ ಒಂದೊಂದು, ಇಬ್ಬರು ಗಂಡು ಮಕ್ಕಳಿಗೆ ಎರಡೆರಡು. ತನ್ನ ಪಾಲು ಎಷ್ಟೆಂದು ತಿಳಿದ ಮೇಲೆ ಒಬ್ಬರು ಮನಸಾರೆ ಇನ್ನೊಬ್ಬರಿಗೆ ಬಿಟ್ಟುಕೊಟ್ಟರೆ ಅದು ಬೇರೆ ಮಾತು. ತಿಳಿಯುವ ಮೊದಲೇ ಸಹಿ ಹಾಕಿಸುವುದು ಬಿಟ್ಟುಕೊಟ್ಟದ್ದಾಗುವುದಿಲ್ಲ.

ಗುರುವಾರ ಉಮ್ಮನ ಕಣ್ಣಿನ ಡಾಕ್ಟರ್. ಕಣ್ಣಿನ ಒತ್ತಡಕ್ಕೆ ವರ್ಷಗಳಿಂದ ಮದ್ದು ಬಿಡುತ್ತಿದ್ದಾರೆ. ‘ಇದ್ದತ್ ಮುಗಿಯಲಿ, ಆಮೇಲೆ ಹೋದ್ರಾಯ್ತು’ ಎಂದು ಸಂಬಂಧಿಕರು ಹೇಳಿದರು. ಇದ್ದತ್ ಎಂದರೆ 4 ತಿಂಗಳು 10 ದಿನ. ಈ ಕಾಯಿಲೆಯಲ್ಲಿ ಒಮ್ಮೆ ಹೋದ ದೃಷ್ಟಿ ತಿರುಗಿ ಬರುವುದಿಲ್ಲ. ಇಂಥ ಅಗತ್ಯಕ್ಕೆ ಹಗಲು ಹೊತ್ತಿನಲ್ಲಿ ಹೊರಡಲು ಫಿಕ್ಹ್‌ನಲ್ಲಿ ಅನುಮತಿ ಇದೆ. ಕರೆದುಕೊಂಡು ಹೋಗಿ ಅಸರಿಗೆ ಮೊದಲೇ ಮನೆಗೆ ಮುಟ್ಟಿಸಿದೆವು.

ಪೆಟ್ಟಿಗೆ ಬಿಡಿಸಿದ ದಿನ

ಶುಕ್ರವಾರ ಮದ್ರಸಕ್ಕೆ ರಜೆ. ಜುಮಾ ಮುಗಿಸಿ ಊಟವಾದ ಮೇಲೆ ಉಪ್ಪನ ತಗಡಿನ ಪೆಟ್ಟಿಗೆಯನ್ನು ನಡುಮನೆಗೆ ತಂದೆವು. ಐವರೂ ಇರಬೇಕು, ಉಮ್ಮನೂ ಇರಬೇಕು ಎಂದು ಮೊದಲೇ ಮಾತಾಗಿತ್ತು.

ಮೇಲೆ ಕೊಲ್ಲಿಯಿಂದ ಬಂದ ಪತ್ರಗಳ ಕಟ್ಟು, ಮೂಲೆ ಕತ್ತರಿಸಿದ ಹಳೆ ಪಾಸ್‌ಪೋರ್ಟ್, ಉಮ್ಮನ ಬೀಡಿ ಪಾಸ್ ಪುಸ್ತಕ. ನಾಲ್ಕು ಕ್ಯಾಸೆಟ್. ಬರೆಯಲು ಬಾರದವರು ಆಗ ಮಾತನ್ನೇ ಕ್ಯಾಸೆಟ್‌ನಲ್ಲಿ ತುಂಬಿಸಿ ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ಅದರ ಕೆಳಗೆ ಅಜ್ಜಿಯ ಒಂದು ಜೊತೆ ಅಲಿಕತ್ತ್, ಬಟ್ಟೆಯಲ್ಲಿ ಸುತ್ತಿದ ಮುಹ್ಯಿದ್ದೀನ್ ಮಾಲೆಯ ಹಳೆ ಪ್ರತಿ. ಕೋಝಿಕ್ಕೋಡಿನ ಖಾಝಿ ಮುಹಮ್ಮದ್‌ರು 1607ರಲ್ಲಿ ರಚಿಸಿದ ಈ ಮಾಲೆ ನಮ್ಮ ಎಷ್ಟೋ ಅಜ್ಜಿಯಂದಿರಿಗೆ ಬಾಯಿಪಾಠವಾಗಿತ್ತು. ಎಲ್ಲಕ್ಕಿಂತ ಅಡಿಯಲ್ಲಿ ಒಂದು ಸಣ್ಣ ಗಂಟು. ಬಿಚ್ಚಿದರೆ ಚಿನ್ನದ ಸರ, ಜೊತೆಗೆ ಮಡಚಿದ ಒಂದು ಚೀಟಿ.

‘ಉಮ್ಮನದ್ದೇ ಇರಬೇಕು’ ಅಂದರು ಎಲ್ಲರೂ. ಅಳಿಯಂದಿರಲ್ಲೊಬ್ಬರು ಕೈಯಲ್ಲೇ ತೂಗಿ ನೋಡಿ, ಎರಡೂವರೆ ಪವನಿಗೆ ಕಮ್ಮಿ ಇಲ್ಲ ಅಂದರು. ಉಮ್ಮ ಮುಟ್ಟಿ ನೋಡಿ, ‘ಇದು ನನ್ನದಲ್ಲ’ ಎಂದುಬಿಟ್ಟರು.

ಚೀಟಿ ಮಕ್ಕಳ ಕೈಗೆ ಹೋಯಿತು. ಕುರ್‌ಆನ್ ಸಲೀಸಾಗಿ ಓದುವ ಮಕ್ಕಳವರು. ಅಕ್ಷರ ಅರಬಿ, ಆದರೆ ಒಂದು ಪದವೂ ಅರ್ಥವಾಗಲಿಲ್ಲ. ಅದು ಅರಬಿ ಲಿಪಿಯಲ್ಲಿ ಬರೆದ ಬ್ಯಾರಿ ಭಾಷೆ. ಅರಬಿಯಲ್ಲಿ ಇಲ್ಲದ ಪ, ಚ, ಣ, ಳ ಮುಂತಾದ ಧ್ವನಿಗಳಿಗಾಗಿ ಅಕ್ಷರಕ್ಕೆ ಚುಕ್ಕೆ ಸೇರಿಸಿ ಬರೆಯುವ ಅರಬಿ-ಮಲಯಾಳಂ ಕ್ರಮ ಅದು. ಹಿಂದೆ ಮದ್ರಸದ ಕಿತಾಬುಗಳು ಆ ಲಿಪಿಯಲ್ಲೇ ಇದ್ದ ಕಾರಣ ಶಾಲೆಗೆ ಹೋಗದ ಹೆಂಗಸರೂ ಅದರಲ್ಲಿ ಓದಿ ಬರೆಯುತ್ತಿದ್ದರು. ಈಗ ಆ ಓದು ನಮ್ಮ ತಲೆಮಾರಿಗೇ ನಿಲ್ಲುವ ಹಾಗೆ ಕಾಣುತ್ತದೆ.

ನಾವು ಓದಿದೆವು. ಹಿಂದೆ ನಮ್ಮ ಪಕ್ಕದಲ್ಲಿ ಬಾಡಿಗೆಗಿದ್ದ ಒಬ್ಬ ವಿಧವೆ ತಾಯಿಯ ಹೆಸರು, ಹಿಜ್‌ರಿ ತಿಂಗಳು, ವರ್ಷ. ಕೊನೆಗೆ ಒಂದೇ ಮಾತು: ಅಮಾನತ್.

ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಚೀಟಿ ಕಸಕ್ಕೆ ಹೋಗಿದ್ದರೆ ಆ ಸರ ಎಂಟು ಪಾಲಾಗಿ ನಮ್ಮ ನಮ್ಮ ಮನೆ ಸೇರುತ್ತಿತ್ತು. ಅಮಾನತನ್ನು ಅದರ ಹಕ್ಕುದಾರರಿಗೆ ಮುಟ್ಟಿಸಬೇಕೆಂದು ಸೂರಃ ಅನ್ನಿಸಾದ 58ನೇ ಆಯತ್‌ನಲ್ಲಿ ಅಲ್ಲಾಹನ ಆಜ್ಞೆ ಇದೆ. ಮಕ್ಕಾ ಬಿಡುವ ರಾತ್ರಿಯೂ ಪ್ರವಾದಿಯವರು (ಸ) ಜನರ ಅಮಾನತುಗಳನ್ನು ಹಿಂತಿರುಗಿಸಲು ಅಲೀ (ರ) ಅವರನ್ನು ಊರಲ್ಲೇ ನಿಲ್ಲಿಸಿದ್ದರು.

ಶನಿವಾರ ಪುತ್ತೂರು ಕಡೆಯ ಒಂದು ಹಳ್ಳಿಗೆ ನಾವು ಅಣ್ಣ ತಮ್ಮಂದಿರಿಬ್ಬರೂ ಹೋದೆವು. ಆ ತಾಯಿ ತೀರಿಕೊಂಡು ವರ್ಷಗಳಾಗಿದ್ದವು, ಮಗಳು ಸಿಕ್ಕಿದರು. ‘ಉಸ್ತಾದೇ, ಉಮ್ಮನ ಹತ್ರ ಚಿನ್ನ ಇತ್ತು ಅಂತ ನಮಗೇ ಗೊತ್ತಿಲ್ಲ’ ಅಂತ ಮೊದಲು ತೆಗೆದುಕೊಳ್ಳಲೇ ಒಪ್ಪಲಿಲ್ಲ. ಚೀಟಿ ಓದಿ ಹೇಳಿ, ಇಬ್ಬರು ಸಾಕ್ಷಿಗಳ ಮುಂದೆ ಕೊಟ್ಟೆವು. ‘ಇದರಲ್ಲಿ ನಿಮ್ಮ ಅಣ್ಣನಿಗೂ ಹಕ್ಕಿದೆ’ ಎಂದೆವು. ಅಲ್ಲಿಂದಲೇ ಫೋನ್ ಮಾಡಿ ಅಣ್ಣನಿಗೆ ವಿಷಯ ತಿಳಿಸಿದರು.

ಹಂಚಿಕೆಗೆ ಕೂತಾಗ

ಭಾನುವಾರ ಮತ್ತೆ ಎಲ್ಲರೂ ಕೂತೆವು. ಉಪ್ಪನ ಲೆಕ್ಕದ ಪುಸ್ತಕದಲ್ಲಿ ಮರದ ಅಂಗಡಿಯ ಒಂದು ಬಾಕಿ ಇತ್ತು. ಅದನ್ನು ಮೊದಲು ತೀರಿಸಲು ತೀರ್ಮಾನವಾಯ್ತು. ಕ್ರಮ ಇರುವುದೇ ಹಾಗೆ: ಮಯ್ಯತಿನ ಖರ್ಚು, ಆಮೇಲೆ ಸಾಲ, ಆಮೇಲೆ ವಸಿಯ್ಯತ್ ಇದ್ದರೆ ಮೂರನೇ ಒಂದರೊಳಗೆ, ಉಳಿದದ್ದು ಪಾಲು. ಅಲಿಕತ್ತಿನ ಬೆಲೆ ಕಟ್ಟಿಸಿ ಲೆಕ್ಕಕ್ಕೆ ಸೇರಿಸಿದೆವು, ತಂಗಿಯೊಬ್ಬಳು ತನ್ನ ಪಾಲಿನಲ್ಲಿ ಅದನ್ನೇ ಆರಿಸಿಕೊಂಡಳು. ಪತ್ರಗಳ ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆವು, ಕಟ್ಟು ಉಮ್ಮನ ಬಳಿಯೇ ಉಳಿಯಿತು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕ್ಯಾಸೆಟ್‌ಗೆ ಬೂಸಲು ಹಿಡಿಯುವುದು ಬೇಗ. ಅದರಲ್ಲಿರುವ ಸ್ವರವನ್ನು ಮೊಬೈಲಿಗೆ ಇಳಿಸಿಕೊಡಲು ತಿಳಿದವರ ಕೈಗೆ ಒಪ್ಪಿಸಿದೆವು.

ಇಂಥ ದಿನ ಎಲ್ಲ ಮನೆಗೂ ಬರುವುದೇ. ಬಂದಾಗ ಪೆಟ್ಟಿಗೆಯನ್ನು ಒಬ್ಬರೇ ಬಿಡಿಸಬೇಡಿ, ಹೆಣ್ಣು ಮಕ್ಕಳನ್ನು ಕರೆದು ಕೂರಿಸಿ. ಸಿಕ್ಕಿದ್ದನ್ನೆಲ್ಲ ಅಲ್ಲೇ ಒಂದು ಪುಸ್ತಕದಲ್ಲಿ ಬರೆಯಿರಿ. ಓದಲು ಬಾರದ ಕಾಗದವಿದ್ದರೆ ಹರಿಯುವ ಮೊದಲು ಊರಿನ ಹಿರಿಯರಿಗೋ ಉಸ್ತಾದರಿಗೋ ತೋರಿಸಿ.

ಬದುಕಿರುವ ನಮಗೂ ಒಂದು ಕೆಲಸ ಇದೆ. ಬೇರೆಯವರ ಚಿನ್ನವೋ, ದುಡ್ಡೋ, ಜಾಗದ ಕಾಗದವೋ ನಮ್ಮ ಕಪಾಟಿನಲ್ಲಿದ್ದರೆ ಇವತ್ತೇ ಒಂದು ಚೀಟಿ ಬರೆದು ಅದರ ಜೊತೆ ಇಡೋಣ. ಹೆಸರು, ಊರು, ಫೋನ್ ನಂಬರ್ ಇರಲಿ. ನಮ್ಮ ಮಕ್ಕಳಿಗೆ ಓದಲು ಬರುವ ಅಕ್ಷರದಲ್ಲಿ ಇರಲಿ.