ಅಳತೆ ಇದ್ದರೆ ಹಾಲೂ ಮದ್ದು

ಸಂಡೂರು ಕಡೆಯ ಅದಿರು ಹೊತ್ತ ಲಾರಿಗಳು ಮಂಗಳೂರು ಬಂದರಿಗೆ ಸಾಲುಗಟ್ಟಿ ಬರುತ್ತಿದ್ದ ದಿನಗಳು ನಮ್ಮವರಿಗೆ ನೆನಪಿವೆ. ಆ ಗಣಿ ಸೀಮೆಯ ಕೂಲಿ ತಾಯಿಗೆ, ಸೊರಗಿದ ಮಗುವನ್ನು ಆಸ್ಪತ್ರೆಗೆ ಸೇರಿಸಿ ಎಂದರೆ ಮೊದಲು ಕಾಣುವುದು ತಪ್ಪಿಹೋಗುವ ಕೂಲಿ.

ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಜೊತೆಗೆ ಜ್ವರ, ಭೇದಿ ಇದ್ದರೆ, ಊಟ ಸೇರದಿದ್ದರೆ ಸರಕಾರಿ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು.

'ಮನೆಯಲ್ಲೇ ಚೆನ್ನಾಗಿ ತಿನ್ನಿಸಿದ್ರೆ ಸಾಲದಾ?' ಸಾಲದು. ಬಳಲಿದ ದೇಹಕ್ಕೆ ಒಮ್ಮೆಲೇ ತುಂಬಿಸಿದರೆ ಹೃದಯಕ್ಕೇ ಅಪಾಯ. ಕೇಂದ್ರದಲ್ಲಿ ಮೊದಲು 100 ಮಿ.ಲೀ.ಗೆ 75 ಕ್ಯಾಲೊರಿಯ ಹಾಲು, ಎರಡು-ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಚೇತರಿಸಿದ ಮೇಲೆ 100 ಕ್ಯಾಲೊರಿಯದ್ದು.

ಹಾಲು, ಸಕ್ಕರೆ, ಎಣ್ಣೆಗೆ ದೊಡ್ಡ ದುಡ್ಡಾಗದು. ಬೆಲೆಯಿರುವುದು ರಾತ್ರಿ-ಹಗಲಿನ ನಿಗಾಕ್ಕೆ, ತಾಯಿಯ ಸುಮಾರು 14 ದಿನಕ್ಕೆ. ಅದಕ್ಕೇ ಆಕೆಗೆ ಊಟ, ಕೂಲಿನಷ್ಟದ ಪರಿಹಾರ ಇದೆ, ಕೇಳಿ ಪಡೆಯಿರಿ. ಮಗು ನಕ್ಕಿತೆಂದು ನಡುವೆ ಕರಕೊಂಡು ಬಂದರೆ, ಪಟ್ಟ ಪಾಡೆಲ್ಲ ನೀರುಪಾಲು.

ನಮ್ಮ ಉಮ್ಮಂದಿರೂ ಒಮ್ಮೆ ಅಂಗನವಾಡಿಯಲ್ಲಿ ಮಗುವಿನ ತೋಳು ಅಳೆಸಲಿ. ಅದಕ್ಕೆ ಕಾಸಿನ ಖರ್ಚಿಲ್ಲ.